ಮೊದಲು ಆಡುವವರನ್ನು ನೋಡು

ಕೆಲಸ ಬಿಟ್ಟು ಮೊಬೈಲ್ ಗೇಮ್ ಮಾಡಲು ಹೊರಟಿದ್ದೀಯ. ನಿಮ್ಮಪ್ಪನ ಹಾಗೆ ನಾನು ಬೇಡ ಎನ್ನುವುದಿಲ್ಲಪ್ಪ. ಈ ಊರಿಗೆ ಇದು ಹೊಸ ಕಸುಬೇನಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದದ್ದು 1997ರಲ್ಲಿ, ನೋಕಿಯಾ ಫೋನಿಗೆ ಹಾವಿನಾಟ ಬಂದ ವರ್ಷವೇ.

ನನ್ನ ಕಳವಳ ಬೇರೆ. ಬಸವೇಶ್ವರನಗರದ ರೂಮಿನಲ್ಲಿ ಕೂತು, ನಿನ್ನ ದುಬಾರಿ ಫೋನಿನಲ್ಲಿ, ನಿನ್ನಂಥವರಿಗಷ್ಟೇ ಆಟ ಮಾಡುತ್ತಿದ್ದೀಯ. 2021ರಲ್ಲಿ ಕೆಂಗೇರಿವರೆಗೆ ಬಂತಲ್ಲ ಮೆಟ್ರೊ, ಸಂಜೆ ಹೊತ್ತು ವಿಜಯನಗರದಲ್ಲಿ ಅದನ್ನು ಹತ್ತು. ಜನ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಆಡುತ್ತಾರೆ. ಫೋನನ್ನು ಅಡ್ಡ ಹಿಡಿದು ಎರಡೂ ಕೈಯಲ್ಲಿ ಆಡುವ ನಿನ್ನ ಆಟ ಅವರಿಗೆ ಆಗುತ್ತದೆಯೇ? ಅತ್ತಿಗುಪ್ಪೆಯಲ್ಲಿ ಶುರು ಮಾಡಿದ್ದು ಮೈಸೂರು ರಸ್ತೆ ಬರುವಷ್ಟರಲ್ಲಿ ಒಂದು ಸುತ್ತು ಮುಗಿಯಬೇಕು. ನೆಟ್‌ವರ್ಕ್ ಕೈಕೊಟ್ಟರೂ ನಡೆಯಬೇಕು. ಫೋಟೊ, ವಿಡಿಯೊ ತುಂಬಿ ಜಾಗವಿಲ್ಲದ ಫೋನಿನಲ್ಲಿ ಮೊದಲು ಅಳಿಸಿಹೋಗುವುದು ಭಾರದ ಗೇಮೇ ಕಣೋ, ಅದನ್ನು ಹಗುರವಾಗಿಡು.

ಆಡುವವರೆಂದರೆ ಬಿಜಿಎಂಐನಂಥ ಗುಂಡಿನ ಕಾಳಗ ಆಡುವ ಹುಡುಗರು ಮಾತ್ರ ಎಂದುಕೊಳ್ಳಬೇಡ. 2020ರ ಲಾಕ್‌ಡೌನಿನಲ್ಲಿ ಮುಂಬೈಯವರ ಲೂಡೊ ಕಿಂಗ್ ಮನೆಮನೆಗೂ ಬಂತು. ಅಂಥ ಕಾಳಗ ಮುಟ್ಟದ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಆಡಿದರು, ಯಾಕೆಂದರೆ ಆ ಆಟದ ನಡೆ ಅವರಿಗೆ ಮೊದಲೇ ಗೊತ್ತಿತ್ತು. ಚೌಕಾಬಾರ ಆಡಿ ಬೆಳೆದವರು ರಾಜಾಜಿನಗರದಲ್ಲಿ ಈಗಲೂ ಎಷ್ಟು ಮಂದಿ ಇದ್ದಾರೆ! ಕವಡೆ ಹಾಕುವುದು, ಕಾಯಿ ಕಡಿಯುವುದು, ಹಣ್ಣು ಮಾಡುವುದು ಎಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಅದನ್ನೇ ಗೇಮ್ ಮಾಡು, ಆಟದೊಳಗಿನ ಮಾತೂ ಅವರ ಕನ್ನಡದಲ್ಲೇ ಇರಲಿ.

ದುಡ್ಡಿನ ವಿಷಯ. ಪಣ ಕಟ್ಟುವ ಆಟದ ಕಡೆ ತಲೆ ಹಾಕಲೇಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥವನ್ನು ನಿಷೇಧಿಸಿದ ಮೇಲೆ, ನಮ್ಮೂರಿನ ಎಂಪಿಎಲ್‌ನಂಥ ದೊಡ್ಡ ಕಂಪನಿಯೇ ಜನರನ್ನು ಕೆಲಸದಿಂದ ತೆಗೆಯಬೇಕಾಯಿತು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸೋತು ಅಳುಮೋರೆ ಹಾಕಿದ ಮಗುವಿಗೆ ಅಪ್ಪನ ಯುಪಿಐ ಪಿನ್ ನೆನಪಾಗುವ ಹಾಗೆ ಗುಂಡಿ ಇಟ್ಟು ಗಳಿಸಿದ ಕಾಸು ನಮ್ಮ ಮನೆಗೆ ಬೇಡ. ಜಾಹೀರಾತಿನಿಂದ ನಿಧಾನವಾಗಿ ಬರಲಿ. ವರ್ಷಕ್ಕೆ ಮೊದಲ 10 ಲಕ್ಷ ಡಾಲರ್‌ವರೆಗಿನ ಮಾರಾಟಕ್ಕೆ ಗೂಗಲ್ ಪ್ಲೇ 2021ರಿಂದ ಶೇ 15ರ ಕಮಿಷನ್ ದರ ಇಟ್ಟಿದೆಯಲ್ಲ, ಮುಂದೆ ಹೊಸ ಬೋರ್ಡುಗಳನ್ನೋ ಕಾಯಿಗಳನ್ನೋ ಮಾರಿದರೂ ನಿನ್ನ ಕೈಗೆ ಒಂದಿಷ್ಟು ಉಳಿದೀತು.

ಇನ್ನೊಂದು ಮಾತು. ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದವರು ಆಟ ಬಿಡುಗಡೆಗೆ ಮೊದಲು 12 ಜನರ ಫೋನಿನಲ್ಲಿ 14 ದಿನ ಪರೀಕ್ಷೆ ನಡೆಸಬೇಕು ಎನ್ನುತ್ತದೆ ಗೂಗಲ್. ಗೆಳೆಯರ ಹೆಸರು ತುಂಬಿಸಿ ಕೈತೊಳೆದುಕೊಳ್ಳಬೇಡ. ಹೂ ಕಟ್ಟುವವರು, ಆಟೊದವರು, ಪಿಯುಸಿ ಹುಡುಗಿಯರು ಆಡಲಿ. ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬೇಜಾರಾಗಿ ಫೋನ್ ಕೆಳಗಿಡುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡು. ನಿಮ್ಮತ್ತೆಯನ್ನು ನಾನು ಆಗಲೇ ಒಪ್ಪಿಸಿದ್ದೇನೆ. ಉಳಿದ ಹನ್ನೊಂದು ಜನರನ್ನು ನೀನು ಹುಡುಕು.