ಹೊರದೇಶದ ತರಬೇತಿ ಮುಗಿಯಿತು, ಇನ್ನು ಕೊಟ್ಟಿಗೆಯ ಪಾಠ



ಕೃಷಿ, ಪಶುವೈದ್ಯ ಪದವಿ ಓದುವ ನಮ್ಮ ಮನೆಯ ಮಕ್ಕಳು ಸಂಶೋಧನಾ ತರಬೇತಿಗೆಂದು ಹೊರದೇಶಕ್ಕೂ ಹೋಗಿಬರುವ ಕಾಲವಿದು. ಶನಿವಾರಸಂತೆ ಸುತ್ತಿನ ಒಂದು ಮನೆಯ ಮಗಳು ಅಂಥ ತರಬೇತಿ ಮುಗಿಸಿ ಬಂದಳೆನ್ನಿ. "ಅಪ್ಪಾ, ಅಲ್ಲಿ ಹಸುಗಳನ್ನು ಹೀಗೆ ಸಾಕುತ್ತಾರೆ, ನಾವೂ ಹಾಗೇ ಮಾಡೋಣ" ಎನ್ನುತ್ತಾಳೆ. ತಂದೆಗೆ ಮಗಳ ಮೇಲೆ ಹೆಮ್ಮೆ. ಆದರೆ ಹಾಲಿನ ಬಟವಾಡೆ ಬರುವುದು ಇರುವ ಎರಡೇ ರಾಸುಗಳಿಂದ. ಪ್ರಯೋಗ ಕೆಟ್ಟರೆ ಸಂತೆಯ ಖರ್ಚಿಗೂ ಕೊರತೆ. ಹಾಗಾದರೆ ಮಗಳ ಮಾತು ಕೇಳಬೇಕೆ, ಬೇಡವೆ?

ಹಿಂದಿನವರು ಏನು ಮಾಡಿದರು?

ಡಾ. ವರ್ಗೀಸ್ ಕುರಿಯನ್ ಅವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಬೆಂಗಳೂರಿನ ಹೈನು ಸಂಸ್ಥೆಯಲ್ಲಿ ಕೆಲವು ತಿಂಗಳು ಕಲಿತು, ನಂತರ ಅಮೆರಿಕದ ಮಿಷಿಗನ್‌ಗೆ ಹೋದರು. 1948ರಲ್ಲಿ ಮರಳಿ, 1949ರಲ್ಲಿ ಈಗಿನ ಗುಜರಾತಿನ ಆನಂದ್‌ಗೆ ಬಂದರು. ಮಿಷಿಗನ್‌ನಲ್ಲೇ ಓದಿದ್ದ ಎಚ್. ಎಂ. ದಲಾಯ ಅವರೂ ಅಲ್ಲಿ ಜೊತೆಗೂಡಿದರು.

ಆನಂದ್‌ನಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಎಮ್ಮೆ ಹಾಲು. ಹಾಲಿನ ಪುಡಿ ಮಾಡುವ ಯಂತ್ರಗಳು ಹಸುವಿನ ಹಾಲಿಗೆಂದು ಆದವು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದರು. ದಲಾಯ ಅವರು ಆ ಮಾತನ್ನು ಒಪ್ಪದೆ ನಮ್ಮ ಎಮ್ಮೆಯ ಹಾಲನ್ನೇ ತೆಗೆದುಕೊಂಡು ಪರೀಕ್ಷಿಸಿ, ಆಗುತ್ತದೆಂದು ತೋರಿಸಿದರು. 1955ರಲ್ಲಿ ಆನಂದ್‌ನ ಹೊಸ ಕಾರ್ಖಾನೆ ಆರಂಭವಾಯಿತು. ನಮ್ಮ ಕೊಡಗಿನ ಕುಡಿಗೆಯಲ್ಲಿ ಡೇರಿ ಆರಂಭವಾದದ್ದೂ ಅದೇ ವರ್ಷ.

ಇವರು ಹೊರದೇಶದ ಕಲಿಕೆಯನ್ನು ತಿರಸ್ಕರಿಸಲಿಲ್ಲ, ಕಣ್ಣುಮುಚ್ಚಿ ಅನುಸರಿಸಲೂ ಇಲ್ಲ. ನಮ್ಮ ಹಾಲಿನಲ್ಲಿ ಪರೀಕ್ಷಿಸಿ ನೋಡಿದರು. ನಾವೂ ಅದನ್ನೇ ಮಾಡಬಹುದು.

ನೀವೇ ಮಾಡಬಹುದಾದ ಪರೀಕ್ಷೆ

ಮೊದಲು ಖರ್ಚಿಲ್ಲದ, ಅಪಾಯವಿಲ್ಲದ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ಉದಾಹರಣೆಗೆ ನೀರು. ಅನೇಕ ದೇಶಗಳ ಕೊಟ್ಟಿಗೆಗಳಲ್ಲಿ ಹಸುವಿನ ಮುಂದೆ ಸದಾ ನೀರಿರುತ್ತದೆ. ನಮ್ಮಲ್ಲಿ ಅನೇಕರು ದಿನಕ್ಕೆ ಎರಡು ಸಲ ಮಾತ್ರ ಕುಡಿಸುತ್ತೇವೆ. ಹಾಲಿನಲ್ಲಿ ಶೇಕಡ 87ರಷ್ಟು ನೀರೇ ಇದೆ. ಬಾಯಾರಿದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ.

1. ಕರು ಹಾಕಿ ಎರಡು ಮೂರು ತಿಂಗಳಾದ, ಆರೋಗ್ಯವಾಗಿರುವ ಒಂದು ಹಸುವನ್ನು ಆರಿಸಿ.

2. ಮೊದಲ 7 ದಿನ ಹಳೆಯ ಪದ್ಧತಿ. ಬೆಳಗಿನ ಹಾಲು, ಸಂಜೆಯ ಹಾಲು, ಸಂಘದಲ್ಲಿ ಬಂದ ಫ್ಯಾಟ್ ಇವನ್ನು ಪುಸ್ತಕದಲ್ಲಿ ಬರೆಯಿರಿ.

3. ಮುಂದಿನ 7 ದಿನ ಹಸುವಿನ ಮುಂದೆ ಹಗಲೂ ರಾತ್ರಿ ಶುದ್ಧ ನೀರಿನ ಬಾನಿ ಇಡಿ. ಹಿಂಡಿ, ಮೇವು, ಹಾಲು ಕರೆಯುವ ಹೊತ್ತು ಯಾವುದನ್ನೂ ಬದಲಿಸಬೇಡಿ.

4. ಆಮೇಲಿನ 7 ದಿನ ಮತ್ತೆ ಹಳೆಯ ಪದ್ಧತಿ.

ಮತ್ತೆ ಹಳೆಯದಕ್ಕೆ ಏಕೆ ಹೋಗಬೇಕು? ಮಳೆ, ಬಿಸಿಲು, ಮೇವು ಇವುಗಳಿಂದಲೂ ಹಾಲು ಏರಿಳಿಯುತ್ತದೆ. ನೀರಿಟ್ಟ ವಾರದಲ್ಲಿ ಏರಿದ್ದು, ಬಾನಿ ತೆಗೆದಾಗ ಇಳಿದರೆ ಮಾತ್ರ ಕಾರಣ ನೀರೆಂದು ನಂಬಬಹುದು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಹಿಂಡಿಯನ್ನೂ ಹೆಚ್ಚಿಸಿ ನೀರನ್ನೂ ಇಟ್ಟರೆ ಯಾವುದರಿಂದ ಹಾಲು ಬಂತೆಂದು ಯಾರೂ ಹೇಳಲಾರರು. ಪರೀಕ್ಷೆಯನ್ನು ಬೇಸಿಗೆಯಲ್ಲಿ, ಒಣಹುಲ್ಲು ಹಾಕುವ ದಿನಗಳಲ್ಲಿ ಮಾಡಿ. ಜಡಿಮಳೆಯಲ್ಲಿ ಹಸಿಹುಲ್ಲು ತಿನ್ನುವ ಹಸುವಿಗೆ ನೀರಿನ ಕೊರತೆ ಅಷ್ಟಾಗಿ ಕಾಣದು.

ಎಚ್ಚರಿಕೆಯ ಮಾತುಗಳು

ಅಲ್ಲಿನವರು ಹೆಚ್ಚು ಧಾನ್ಯ ತಿನ್ನಿಸುತ್ತಾರೆಂದು ನೀವು ಒಂದೇ ದಿನದಲ್ಲಿ ಹಾಗೆ ಮಾಡಬೇಡಿ. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ರಾಸು ಮೇವು ಬಿಡುತ್ತದೆ, ಪ್ರಾಣಕ್ಕೂ ಅಪಾಯ. ಆಹಾರದ ಯಾವ ಬದಲಾವಣೆಯನ್ನೂ ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ.

ಮರಳಿ ಬರುವ ಮಕ್ಕಳಿಗೆ ಮೊದಲೇ ತಿಳಿಸಿ: ಮೇವಿನ ಬೀಜವನ್ನಾಗಲಿ, ಬೇರನ್ನಾಗಲಿ ಅನುಮತಿಯಿಲ್ಲದೆ ಪೆಟ್ಟಿಗೆಯಲ್ಲಿ ತರಬಾರದು. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ಹೊರದೇಶದಿಂದ ಬಂದ ಗೋಧಿಯೊಡನೆ 1950ರ ದಶಕದಲ್ಲಿ ಹರಡಿತೆನ್ನುತ್ತಾರೆ. ಅದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಅಲ್ಲಿನ ಕೊಟ್ಟಿಗೆಯಲ್ಲಿ ಹಾಕಿದ ಬೂಟು, ಬಟ್ಟೆಗಳನ್ನು ಹೊರಡುವ ಮೊದಲೇ ಚೆನ್ನಾಗಿ ತೊಳೆಯಬೇಕು. ರೋಗಾಣುಗಳಿಗೆ ಗಡಿಯ ಲೆಕ್ಕವಿಲ್ಲ.

ಅವರು ತರಬೇಕಾದದ್ದು ಬರೆದ ಪುಸ್ತಕ. ಅಲ್ಲಿನ ಹಸುವಿನ ತಳಿ, ತೂಕ, ದಿನದ ಹಾಲು, ಕೊಟ್ಟ ಮೇವು, ಚಳಿ ಬಿಸಿಲು ಎಲ್ಲವೂ ಅದರಲ್ಲಿರಲಿ. ಆಗ ಅಲ್ಲಿನದಕ್ಕೂ ಇಲ್ಲಿನದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತಂದೆ ಮಗಳು ಕುಳಿತು ನೋಡಬಹುದು.

ನಿಮ್ಮ 21 ದಿನಗಳ ಲೆಕ್ಕವನ್ನು ಸಂಘದ ಸಭೆಯಲ್ಲಿ ಓದಿ ಹೇಳಿ. ಹಾಲು ಹೆಚ್ಚದಿದ್ದರೂ ಹೇಳಿ. ನಿಮ್ಮ ಒಂದು ಹಸುವಿನ ಲೆಕ್ಕದಿಂದ ಊರಿನ ಹತ್ತಾರು ಕೊಟ್ಟಿಗೆಗಳಿಗೆ ದಾರಿ ತಿಳಿಯುತ್ತದೆ.