ರೆಡಿಂಗ್ ಶಾಲೆಯಲ್ಲಿ ಮೂವರೇ ಹುಡುಗರಿದ್ದ ವರ್ಷ

ಊರಿನ ಹೆಸರಿನಿಂದಲೇ ಶುರು ಮಾಡೋಣ. ಬೋರ್ಡಿನ ಮೇಲಿನ ಅಕ್ಷರ ಕೂಡಿಸಿದರೆ ‘ರೀಡಿಂಗ್’, ಊರವರ ಬಾಯಲ್ಲಿ ‘ರೆಡಿಂಗ್’. ಹೊಸದಾಗಿ ಬಂದವರೆಲ್ಲ ಒಮ್ಮೆ ಎಡವುವ ಹೊಸ್ತಿಲು ಇದು. ಎರಡನೆಯ ಹೊಸ್ತಿಲು, ಮಕ್ಕಳು ನಾಲ್ಕನೇ ಐದನೇ ಇಯರ್‌ಗೆ ಬಂದಾಗ ಎದುರಾಗುವ ‘ಸ್ಟೇಟ್ ಬೋರ್ಡಿಂಗ್ ಸ್ಕೂಲ್’ ಎಂಬ ಮಾತು. ಕನ್ನಡ ಕೂಟದ ಊಟದ ಸಾಲಿನಲ್ಲಿ ಇದರ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೊಬ್ಬರು, “ಬೋರ್ಡಿಂಗಾ? ಅದೆಲ್ಲ ನಮ್ಮ ಕೈಗೆಟುಕೋದಲ್ಲ ಬಿಡಿ” ಎಂದು ಪಲ್ಯ ಬಡಿಸಿಕೊಂಡು ಮುಂದೆ ಹೋಗುತ್ತಾರೆ. ಅವರನ್ನು ಒಂದು ನಿಮಿಷ ನಿಲ್ಲಿಸುವುದಕ್ಕೆ ಈ ಬರಹ.

ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ದುಬಾರಿ ಖಾಸಗಿ ಶಾಲೆ. ಬೆಂಗಳೂರಿನ ಪಬ್ಲಿಕ್ ಸ್ಕೂಲುಗಳನ್ನು ನೋಡಿ ಬಂದ ನಮಗೆ ಇದೇನೂ ಸೋಜಿಗವಲ್ಲ. ಸ್ಟೇಟ್ ಸ್ಕೂಲ್ ಎಂದರೆ ಸರ್ಕಾರದ ಹಣದಲ್ಲಿ ನಡೆಯುವ, ಫೀಸಿಲ್ಲದ ಶಾಲೆ. ಅಂಥ ಶಾಲೆಗೆ ಹಾಸ್ಟೆಲ್ ಇದ್ದರೆ ಅದು ಸ್ಟೇಟ್ ಬೋರ್ಡಿಂಗ್ ಸ್ಕೂಲ್. ಇಂಥವು ಇಂಗ್ಲೆಂಡಿನಲ್ಲಿ ಮೂವತ್ತರ ಆಸುಪಾಸು ಇವೆ. ಪಾಠಕ್ಕೆ ಕಾಸಿಲ್ಲ, ಊಟ ವಸತಿಗೆ ಮಾತ್ರ ಫೀಸು. ಸಿದ್ಧಗಂಗೆಯಂಥ ಮಠದಲ್ಲಿ ಅನ್ನವೂ ಅಕ್ಷರವೂ ಒಟ್ಟಿಗೆ ಉಚಿತವಾಗಿ ಸಿಗುವುದನ್ನು ಕಂಡವರಿಗೆ ಈ ಲೆಕ್ಕ ಅರೆಬರೆಯಾಗಿ ಕಾಣಬಹುದು. ಇದು ಹೀಗೇಕೆ ಎಂಬುದಕ್ಕೆ, ಇಂಥ ಶಾಲೆಗಳಲ್ಲೊಂದಾದ ರೆಡಿಂಗ್ ಶಾಲೆಯ ಕತೆಯಲ್ಲೇ ಉತ್ತರವಿದೆ.

ಶಾಲೆ ತನ್ನ ಹುಟ್ಟನ್ನು 1125ಕ್ಕೆ ಒಯ್ಯುತ್ತದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1121ರಲ್ಲಿ, ಒಂದನೇ ಹೆನ್ರಿ ಅಲ್ಲಿ ದೊಡ್ಡ ಕ್ರೈಸ್ತ ಮಠವೊಂದನ್ನು ಕಟ್ಟಿಸಿದ್ದ. ಸತ್ತ ಮೇಲೆ ಅವನನ್ನು ಹೂಳಿದ್ದೂ ಅಲ್ಲೇ. ಮಠದ ಮುಖ್ಯಸ್ಥನಾದ ಅಬಾಟನ ಒಪ್ಪಿಗೆಯಿಲ್ಲದೆ ರೆಡಿಂಗ್‌ನಲ್ಲಿ ಯಾರೂ ಶಾಲೆ ನಡೆಸಕೂಡದೆಂದು ಸಾಲ್ಸ್‌ಬರಿಯ ಬಿಷಪ್ ರೋಜರ್ ಆ ಕಾಲದಲ್ಲೇ ಅಪ್ಪಣೆ ಹೊರಡಿಸಿದ. 1486ರಲ್ಲಿ ಏಳನೇ ಹೆನ್ರಿ ಇದನ್ನು ಗ್ರಾಮರ್ ಶಾಲೆಯಾಗಿ ಮತ್ತೆ ಸ್ಥಾಪಿಸಿದ. ಗ್ರಾಮರ್ ಎಂದರೆ ಇಂಗ್ಲಿಷ್ ವ್ಯಾಕರಣವಲ್ಲ, ಲ್ಯಾಟಿನ್. ನಮ್ಮ ಪಾಠಶಾಲೆಗಳಲ್ಲಿ ಸಂಸ್ಕೃತ ಶಬ್ದರೂಪ ಉರು ಹೊಡೆದ ಹಾಗೆ ಅಲ್ಲಿನ ಹುಡುಗರು ಲ್ಯಾಟಿನ್ ವಿಭಕ್ತಿಗಳನ್ನು ಉರು ಹೊಡೆಯುತ್ತಿದ್ದರು.

ಆಮೇಲೆ ಎಂಟನೇ ಹೆನ್ರಿ ಬಂದ. ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಕಿತ್ತುಕೊಂಡ. 1539ರ ನವೆಂಬರ್‌ನಲ್ಲಿ ರೆಡಿಂಗ್‌ನ ಕಡೆಯ ಅಬಾಟ್ ಹ್ಯೂ ಫ್ಯಾರಿಂಗ್ಡನ್‌ನನ್ನು ಅವನ ಊರಿನಲ್ಲೇ ಗಲ್ಲಿಗೇರಿಸಿದರು. ಮಠ ಹಾಳಾಯಿತು, ಶಾಲೆ ಉಳಿಯಿತು. ಅಬಾಟನೇ ನೇಮಿಸಿದ್ದ ಲೆನಾರ್ಡ್ ಕಾಕ್ಸ್ ಎಂಬ ಮೇಷ್ಟ್ರನ್ನು ರಾಜ 1541ರಲ್ಲಿ ಮುಂದುವರಿಸಿದ. ಭಾಷಣಕಲೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕ ಈ ಕಾಕ್ಸ್‌ನದೇ. ಅದನ್ನು ಅವನು ಅರ್ಪಿಸಿದ್ದು ಮುಂದೆ ನೇಣಿಗೆ ಹೋದ ಆ ಅಬಾಟನಿಗೇ. 1560ರಲ್ಲಿ ಎಲಿಜಬೆತ್ ರಾಣಿಯ ಸನ್ನದು ಬಂದು, ಮೇಷ್ಟ್ರನ್ನು ನೇಮಿಸುವ ಹಕ್ಕು ಊರಿನ ನಗರಸಭೆಗೆ ಸೇರಿತು. ಅಲ್ಲಿಗೆ ಮಠದ ಶಾಲೆ ಊರ ಶಾಲೆಯಾಯಿತು. ಊರಿನ ಬಟ್ಟೆ ವ್ಯಾಪಾರಿಯ ಮಗ ವಿಲಿಯಂ ಲಾಡ್ ಇಲ್ಲಿ ಓದಿಯೇ 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. 1645ರಲ್ಲಿ ಅವನ ತಲೆಯನ್ನೂ ಕಡಿದರು. ಆ ಕಾಲದಲ್ಲಿ ಓದಿ ದೊಡ್ಡವರಾಗುವುದು ಅಷ್ಟೇನೂ ಕ್ಷೇಮವಾಗಿರಲಿಲ್ಲ.

ಈಗ ಬೋರ್ಡಿಂಗ್ ವಿಷಯ. ಹಳೆಯ ಗ್ರಾಮರ್ ಶಾಲೆಗಳಲ್ಲಿ ಊರ ಹುಡುಗರಿಗೆ ಲ್ಯಾಟಿನ್ ಹೇಳಿಕೊಡುವುದು ದತ್ತಿಯ ಕೆಲಸ. ದತ್ತಿಯ ಸಂಬಳ ಮೇಷ್ಟ್ರ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ದೂರದೂರಿನ ಉಳ್ಳವರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ದುಡ್ಡು ತೆಗೆದುಕೊಳ್ಳುವುದು ಅವರ ಸ್ವಂತ ವ್ಯವಹಾರವಾಗಿತ್ತು. ರೆಡಿಂಗ್‌ನಲ್ಲಿ ಇದನ್ನು ಉಚ್ಛ್ರಾಯಕ್ಕೆ ಒಯ್ದವರು 1781ರಿಂದ 1830ರ ತನಕ ಹೆಡ್‌ಮಾಸ್ಟರ್ ಆಗಿದ್ದ ರಿಚರ್ಡ್ ವಾಲ್ಪಿ. ಲ್ಯಾಟಿನ್, ಗ್ರೀಕ್ ವ್ಯಾಕರಣ ಬರೆದವರು, ಹುಡುಗರಿಂದ ಷೇಕ್ಸ್‌ಪಿಯರ್ ನಾಟಕ ಆಡಿಸಿದವರು, ಬೆತ್ತ ಬೀಸುವುದರಲ್ಲೂ ಹೆಸರುವಾಸಿ. ಡಿಕನ್ಸ್ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು ಅರ್ಪಿಸಿದ ಥಾಮಸ್ ನೂನ್ ಟಾಲ್ಫೋರ್ಡ್ ಇವರ ಶಿಷ್ಯ.

ವಾಲ್ಪಿ ಹೋದ ಮೇಲೆ ಶಾಲೆ ಇಳಿಮುಖವಾಯಿತು. ನಗರಸಭೆಯೊಂದಿಗೆ ಜಗಳ, ಕಟ್ಟಡದ ಗುತ್ತಿಗೆಯ ತಕರಾರು. 1866ರಲ್ಲಿ ತನಿಖೆಗೆ ಬಂದವರಿಗೆ ಅಲ್ಲಿ ಕಂಡದ್ದು ಮೂವರೇ ಹುಡುಗರು. ಆಮೇಲೆ ಕೆಲಕಾಲ ಬಾಗಿಲೂ ಮುಚ್ಚಿತು. ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಇಷ್ಟವಾದ ಘಟ್ಟ ಇದು. ‘ಒಂಬೈನೂರು ವರ್ಷದ ಶಾಲೆ’ ಎಂದು ಕೇಳಿದ ಕೂಡಲೇ ನಮ್ಮವರು ಕಣ್ಣರಳಿಸುತ್ತಾರೆ. ವಯಸ್ಸೊಂದರಿಂದಲೇ ಯಾವ ಶಾಲೆಯೂ ಬದುಕುವುದಿಲ್ಲ. ಇದನ್ನು ಉಳಿಸಿದ್ದು 1867ರಲ್ಲಿ ಪಾರ್ಲಿಮೆಂಟು ಮಾಡಿದ ಪ್ರತ್ಯೇಕ ಕಾಯಿದೆ. ಅರ್ಲಿ ರಸ್ತೆಯಲ್ಲಿ ಈಗ ಕಾಣುವ ಕೆಂಪು ಇಟ್ಟಿಗೆಯ ಕಟ್ಟಡ ತೆರೆದದ್ದು 1871ರಲ್ಲಿ. ಅದರ ನಕ್ಷೆ ಆಲ್ಫ್ರೆಡ್ ವಾಟರ್‌ಹೌಸ್‌ನದು. ಮಕ್ಕಳಿಗೆ ಡೈನೋಸಾರ್ ತೋರಿಸಲು ನಾವು ಕರೆದುಕೊಂಡು ಹೋಗುವ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕೂಡ ಅವನದೇ. 1944ರ ಶಿಕ್ಷಣ ಕಾಯಿದೆಯ ನಂತರ ಪಾಠದ ಫೀಸು ರದ್ದಾಗಿ ಪರೀಕ್ಷೆಯಿಂದ ಸೀಟು ಕೊಡುವ ಪದ್ಧತಿ ಬಂತು. ಬೋರ್ಡಿಂಗ್ ಫೀಸು ಹಾಗೇ ಉಳಿಯಿತು. ಇಂದಿನ ಅರ್ಧ ಉಚಿತ, ಅರ್ಧ ಫೀಸಿನ ಲೆಕ್ಕದ ಬೇರು ಇದು.

ಇನ್ನು ನಿಮ್ಮ ಮನೆಯ ಲೆಕ್ಕ. ಇದು ಹುಡುಗರ ಶಾಲೆ. ಮಗಳಿದ್ದರೆ ಅದೇ ಊರಿನ ಕೆಂಡ್ರಿಕ್ ಶಾಲೆ ನೋಡಿ, ಅದರಲ್ಲಿ ಬೋರ್ಡಿಂಗ್ ಇಲ್ಲ. ಬೋರ್ಡಿಂಗ್ ಸೀಟು ಕೇಳಿದ ಮಾತ್ರಕ್ಕೆ ಪ್ರವೇಶ ಪರೀಕ್ಷೆ ತಪ್ಪುವುದಿಲ್ಲ. ಸ್ಟೇಟ್ ಶಾಲೆಗಳು ಸೀಟಿಗಾಗಿ ಇಂಟರ್‌ವ್ಯೂ ಮಾಡುವಂತಿಲ್ಲ. ಹುಡುಗ ಮನೆ ಬಿಟ್ಟು ಇರಬಲ್ಲನೇ ಎಂದು ತಿಳಿಯಲು ಮಾತ್ರ ಮಾತಾಡಿಸಬಹುದು. 2025ರ ಜನವರಿಯಿಂದ ಖಾಸಗಿ ಶಾಲೆಯ ಫೀಸಿನ ಮೇಲೆ ಬಿದ್ದ ಶೇ. 20 ವ್ಯಾಟ್ ಸ್ಟೇಟ್ ಶಾಲೆಗಳ ಬೋರ್ಡಿಂಗ್‌ಗೆ ಇಲ್ಲ.

ವೀಸಾದ ವಿಷಯದಲ್ಲಿ ಅವರಿವರ ಮಾತು ನಂಬಬೇಡಿ, ನನ್ನದನ್ನೂ ಸೇರಿಸಿ. ಮಗುವೊಂದನ್ನೇ ಚೈಲ್ಡ್ ಸ್ಟೂಡೆಂಟ್ ವೀಸಾದ ಮೇಲೆ ಭಾರತದಿಂದ ಕರೆಸಿ ಸ್ಟೇಟ್ ಶಾಲೆಗೆ ಸೇರಿಸಲಾಗದು, ಅದು ಖಚಿತ. ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಬಂದ ಮಕ್ಕಳು ಡೇ ಸ್ಕಾಲರ್ ಆಗಿ ಓದಬಹುದು. ಬೋರ್ಡಿಂಗ್ ಬೇಕೆಂದರೆ ನಿಮ್ಮ ವೀಸಾ ಯಾವುದು ಎಂದು ತಿಳಿಸಿ ಶಾಲೆಯ ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಊರಿಗೆ ಹತ್ತಿರವೇ ಮನೆ ಇರುವವರಿಗೆ ಬೋರ್ಡಿಂಗ್ ಬೇಡ. ಕೆಲಸದ ಮೇಲೆ ಮತ್ತೆ ಮತ್ತೆ ಊರು ಬದಲಿಸುವವರಿಗೆ, ರಾತ್ರಿಪಾಳಿಯ ದಂಪತಿಗೆ ಅದು ಆಸರೆ. ಹನ್ನೊಂದು ವರ್ಷದ ಹುಡುಗನನ್ನು ಕೇಳದೆ ಅವನ ಟ್ರಂಕು ಕಟ್ಟಬೇಡಿ.

ದಿನಾಂಕಗಳು: ಪರೀಕ್ಷೆ ಇಯರ್ ಸಿಕ್ಸ್‌ನ ಶುರುವಿಗೇ ಬರುವುದರಿಂದ ಅದರ ನೋಂದಣಿ ಇಯರ್ ಫೈವ್‌ನ ಬೇಸಿಗೆಯಲ್ಲೇ ಆಗಬೇಕು. ಕೌನ್ಸಿಲ್‌ಗೆ ಕೊಡುವ ಸೆಕೆಂಡರಿ ಶಾಲೆಯ ಅರ್ಜಿಗೆ ಅಕ್ಟೋಬರ್ 31 ಕಡೆಯ ದಿನ. ಯಾವ ಶಾಲೆ ಸಿಕ್ಕಿತೆಂದು ಗೊತ್ತಾಗುವುದು ಮಾರ್ಚ್ 1ಕ್ಕೆ.