ಬರಿಮೈ ಮೇಲೆ ಯೂರೋಪಿನ ಬಿಸಿಲು

ಆರೋಗ್ಯ ಪ್ರಶ್ನೋತ್ತರ: ಚರ್ಮ

ಪ್ರಶ್ನೆ: ಬರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮೊನ್ನೆ ಆಫೀಸಿನ ಗೆಳೆಯರ ಜೊತೆ ಬಾಲ್ಟಿಕ್ ಸಮುದ್ರದ ಉಸೆಡೋಮ್ ದ್ವೀಪಕ್ಕೆ ಹೋಗಿದ್ದೆ. ‘ಎಫ್‌ಕೆಕೆ’ (ಬರಿಮೈ ಬೀಚು ಎಂಬ ಸೂಚನೆ) ಎಂಬ ಫಲಕವಿದ್ದ ಬೀಚಿನಲ್ಲಿ ಎಲ್ಲರೂ ಬಟ್ಟೆ ಬಿಚ್ಚಿದರು, ನಾನೂ ಬಿಚ್ಚಿದೆ. ತಂಗಾಳಿ ಇತ್ತು, ಬಿಸಿಲು ಜೋರು ಅನ್ನಿಸಲೇ ಇಲ್ಲ. ಈಗ ಕುಂಡಿ, ತೊಡೆಸಂದಿ ಎಲ್ಲ ಉರಿಯುತ್ತಿದೆ, ಕೂರಲಾಗುತ್ತಿಲ್ಲ. ನನ್ನದು ಕಪ್ಪು ಮೈಬಣ್ಣ. ರಾಯಚೂರಿನ ಬಿಸಿಲಲ್ಲಿ ಕ್ರಿಕೆಟ್ ಆಡಿ ಬೆಳೆದವನಿಗೆ ಜರ್ಮನಿಯ ಬಿಸಿಲು ಸುಡುವುದುಂಟೇ ಡಾಕ್ಟರೇ?
– ಹೆಸರು ಬೇಡ, ಬರ್ಲಿನ್

ಉತ್ತರ: ರಾಯಚೂರಿನ ಬಿಸಿಲು ಕಂಡದ್ದು ನಿಮ್ಮ ಮುಖ, ಕತ್ತು, ಕೈಕಾಲು. ಕುಂಡಿ ಕಂಡಿರಲಿಲ್ಲ. ಒಬ್ಬರ ಹುಟ್ಟುಬಣ್ಣ ಎಷ್ಟೆಂದು ತಿಳಿಯಬೇಕಾದಾಗ ನಾವು ಚರ್ಮವೈದ್ಯರು ನೋಡುವುದೇ ಪೃಷ್ಠವನ್ನು, ಇಲ್ಲವೇ ತೋಳಿನ ಒಳಬದಿಯನ್ನು. ಮೈಯಲ್ಲಿ ಬಿಸಿಲು ತಾಗದೆ ಉಳಿದ ಜಾಗಗಳು ಅವೇ. ಅಂಥ ಚರ್ಮವನ್ನು ಒಂದೇ ದಿನ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿಗೆ ಒಡ್ಡಿದ್ದೀರಿ.

ಕಪ್ಪು ಬಣ್ಣ ರಕ್ಷಣೆ ಕೊಡುತ್ತದೆ, ನಿಜ. ತೀರಾ ಕಪ್ಪು ಚರ್ಮಕ್ಕೆ ತಾನಾಗಿಯೇ ಇರುವ ರಕ್ಷಣೆ ಸುಮಾರು ಎಸ್‌ಪಿಎಫ್ 13ರಷ್ಟು ಎಂಬ ಲೆಕ್ಕವಿದೆ. ನಮ್ಮಲ್ಲಿ ‘ಕಪ್ಪು’ ಎನ್ನಿಸಿಕೊಳ್ಳುವ ಹೆಚ್ಚಿನವರಿಗೆ ಅಷ್ಟೂ ಇರುವುದಿಲ್ಲ. ಇನ್ನು ತಂಗಾಳಿಯ ಮಾತು. ಸುಡುವುದು ಅತಿನೇರಳೆ ಕಿರಣ. ಅದಕ್ಕೂ ಸೆಕೆಗೂ ಸಂಬಂಧವಿಲ್ಲ. ಜೂನ್ ತಿಂಗಳ ನಡುಮಧ್ಯಾಹ್ನ ಬಾಲ್ಟಿಕ್ ತೀರದಲ್ಲಿ ಯುವಿ ಸೂಚ್ಯಂಕ ಆರೇಳರವರೆಗೆ ಏರುತ್ತದೆ. ಮೂರು ಮುಟ್ಟಿದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣ ಮರಳು ಆ ಕಿರಣದ ಶೇ 15ರಷ್ಟನ್ನು, ಅಲೆಯ ನೊರೆ ಶೇ 25ರಷ್ಟನ್ನು ತಿರುಗಿ ನಿಮ್ಮ ಮೇಲೇ ಎಸೆಯುತ್ತವೆ. ಅಲ್ಲಿ ಆಗ ರಾತ್ರಿ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ. ರಾಯಚೂರಿನಲ್ಲಾದರೆ ಹನ್ನೊಂದಕ್ಕೇ ಸೆಕೆ ನಿಮ್ಮನ್ನು ನೆರಳಿಗೆ ಓಡಿಸುತ್ತಿತ್ತು.

ಈಗ ಮಾಡಬೇಕಾದ್ದು: ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ, ಮಂಜುಗಡ್ಡೆ ಬೇಡ. ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ ನಾಲ್ಕೈದು ಸಲ ಹಚ್ಚಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ನೀರು ಹೆಚ್ಚು ಕುಡಿಯಿರಿ, ಸಡಿಲವಾದ ಹತ್ತಿಬಟ್ಟೆ ತೊಡಿ. ಲುಂಗಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೊಬ್ಬೆ ಎದ್ದರೆ ಒಡೆಯಬೇಡಿ. ಟೂತ್‌ಪೇಸ್ಟ್, ನಿಂಬೆರಸ ಯಾವುದೂ ಬೇಡ. ನಿಂಬೆರಸ ಸವರಿದ ಚರ್ಮಕ್ಕೆ ಮತ್ತೆ ಬಿಸಿಲು ಬಿದ್ದರೆ ಹೊಸ ಸುಟ್ಟಗಾಯವೇ ಆಗುತ್ತದೆ. ಜ್ವರ, ವಾಂತಿ ಬಂದರೆ, ಬೊಬ್ಬೆ ಅಗಲಕ್ಕೆ ಹರಡಿದರೆ ಅಥವಾ ಜನನಾಂಗ ಊದಿಕೊಂಡು ಮೂತ್ರ ಕಟ್ಟಿದರೆ ಕಾಯಬೇಡಿ, ಅಲ್ಲಿನ ಆಸ್ಪತ್ರೆಗೆ ಹೋಗಿ. ನಾಚಿಕೊಳ್ಳುವ ಅಗತ್ಯವಿಲ್ಲ, ಆ ದೇಶದ ವೈದ್ಯರಿಗೆ ಇದು ಪ್ರತಿ ಬೇಸಿಗೆಯ ಕೇಸು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗಳ ಮನೆಗೆಂದು ಮ್ಯೂನಿಕ್‌ಗೆ ಬಂದಿದ್ದೇನೆ. ಇಲ್ಲಿ ಊರ ನಡುವಿನ ದೊಡ್ಡ ಪಾರ್ಕಿನಲ್ಲಿ, ಹೊಳೆಯ ದಂಡೆಯಲ್ಲಿ ಗಂಡಸರು ಹೆಂಗಸರು ಮೈಮೇಲೆ ನೂಲೆಳೆಯೂ ಇಲ್ಲದೆ ಬಿಸಿಲು ಕಾಯಿಸುತ್ತಾ ಮಲಗಿರುತ್ತಾರೆ. ಅಳಿಯನನ್ನು ಕೇಳಿದರೆ “ಅತ್ತೆ, ಅದು ಆರೋಗ್ಯಕ್ಕೆ ಒಳ್ಳೆಯದು, ಇಲ್ಲಿನ ಡಾಕ್ಟರುಗಳೇ ಹೇಳಿದ್ದಾರೆ” ಅನ್ನುತ್ತಾರೆ. ನಿಜವೇ? ವಿಟಮಿನ್ ಡಿ ಸಿಗಲು ಅಷ್ಟೆಲ್ಲ ಬಿಚ್ಚಬೇಕೇ?
– ಧಾರವಾಡದ ಓದುಗರು

ಉತ್ತರ: ನಿಮ್ಮ ಅಳಿಯ ಹೇಳಿದ್ದು ಸುಳ್ಳಲ್ಲ ಅಮ್ಮ, ಆದರೆ ನೂರು ವರ್ಷ ಹಳೆಯ ಸುದ್ದಿ. ಯೂರೋಪಿನವರ ಬಟ್ಟೆ ಬಿಚ್ಚಿಸಿದ್ದರಲ್ಲಿ ನಮ್ಮ ವೃತ್ತಿಯವರ ಕೈವಾಡ ಸಣ್ಣದಲ್ಲ. ಆದರೆ ಶುರುಮಾಡಿದವರಲ್ಲಿ ಒಬ್ಬ ವೈದ್ಯನಾಗಿರಲಿಲ್ಲ: ಸ್ವಿಟ್ಜರ್ಲೆಂಡಿನ ಆರ್ನಾಲ್ಡ್ ರಿಕ್ಲಿ. ಆತ 1850ರ ದಶಕದಲ್ಲಿ, ಈಗ ಸ್ಲೊವೇನಿಯಾದಲ್ಲಿರುವ ಬ್ಲೆಡ್ ಸರೋವರದ ದಂಡೆಯಲ್ಲಿ ಗಾಳಿ, ಬಿಸಿಲು, ನೀರಿನ ಚಿಕಿತ್ಸಾಲಯ ತೆರೆದ. ನಗರಗಳು ಕಲ್ಲಿದ್ದಲ ಹೊಗೆಯಲ್ಲಿ ಮುಳುಗಿದ್ದ ಕಾಲ ಅದು. ಮಕ್ಕಳಿಗೆ ರಿಕೆಟ್ಸ್, ದೊಡ್ಡವರಿಗೆ ಕ್ಷಯ. ಬಿಸಿಲು ಬೇಕಾಗಿತ್ತು.

ಆಮೇಲೆ ವೈದ್ಯರೂ ಬಂದರು. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿಮಾಡಿದ್ದಕ್ಕೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಅದೇ ವರ್ಷ ಆಲ್ಪ್ಸ್ ಪರ್ವತದ ಲೆಝಾನ್ ಎಂಬ ಹಳ್ಳಿಯಲ್ಲಿ ಆಗಸ್ಟ್ ರೋಲಿಯೆ ಎಂಬ ವೈದ್ಯ ಮೂಳೆ ಕ್ಷಯದ ರೋಗಿಗಳನ್ನು ಬಾಲ್ಕನಿಗಳಲ್ಲಿ ಬಿಸಿಲಿಗೆ ಮಲಗಿಸಲು ಶುರುಮಾಡಿದ. ಕಡೆಗೆ ಅವರ ಮೈಮೇಲೆ ಇರುತ್ತಿದ್ದುದು ಲಂಗೋಟಿ, ಬಿಳಿ ಟೋಪಿ, ಅಷ್ಟೆ. ಆದರೆ ಮೊದಲ ದಿನ ಬಿಸಿಲು ಪಾದಕ್ಕೆ ಮಾತ್ರ, ಅದೂ ಕೆಲವೇ ನಿಮಿಷ. ದಿನಕ್ಕಿಷ್ಟು ಎಂದು ಅಳೆದು ಮೆಲ್ಲನೆ ಮೇಲಕ್ಕೆ. ರೋಲಿಯೆಯನ್ನು ಹೊಗಳಿದವರು ಆತನ ಬಿಸಿಲನ್ನು ನೆನಪಿಟ್ಟುಕೊಂಡರು, ಗಡಿಯಾರವನ್ನು ಮರೆತರು. ಫ್ರಾನ್ಸಿನಲ್ಲಿ ಗಾಸ್ತೋಂ, ಆಂದ್ರೆ ದ್ಯುರ್ವಿಲ್ ಎಂಬ ವೈದ್ಯ ಸಹೋದರರು 1931ರಲ್ಲಿ ಲೆವಾಂ ದ್ವೀಪದಲ್ಲಿ ಬರಿಮೈ ಬದುಕಿನ ಊರೊಂದನ್ನೇ ಕಟ್ಟಿದರು. ಹೆಸರು ಹೆಲಿಯೊಪೊಲಿಸ್, ಸೂರ್ಯನ ಊರು. ಈಗಲೂ ಇದೆ.

ಜರ್ಮನಿಯಲ್ಲಿ ಇದು ಚಿಕಿತ್ಸೆಯ ಗಡಿ ದಾಟಿ ಜೀವನಕ್ರಮವೇ ಆಯಿತು. ಸಿಲ್ಟ್ ದ್ವೀಪದಲ್ಲಿ 1920ರ ಹೊತ್ತಿಗೇ ಬರಿಮೈ ಬೀಚು ಇತ್ತು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1950ರ ದಶಕದಲ್ಲಿ ಬಾಲ್ಟಿಕ್ ತೀರದಲ್ಲಿ ಇದನ್ನು ನಿಲ್ಲಿಸಲು ನೋಡಿ, ಜನರ ಹಟಕ್ಕೆ ಸೋತು ಸುಮ್ಮನಾಯಿತು. ಅಷ್ಟರಲ್ಲಿ ಔಷಧಶಾಸ್ತ್ರ ಮುಂದೆ ಹೋಗಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಕ್ಷಯಕ್ಕೆ ಬಾಲ್ಕನಿ ಬೇಕಾಗಲಿಲ್ಲ. 1992ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೂರ್ಯಕಿರಣವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ವೈದ್ಯರು ಬರೆದ ಚೀಟಿಯನ್ನು ವೈದ್ಯರೇ ಹಿಂದಕ್ಕೆ ಪಡೆದರು, ಬೀಚು ಮಾತ್ರ ಉಳಿಯಿತು.

ಉಳಿದಿದ್ದಕ್ಕೆ ಕಾರಣ ಬೇರೆ, ಅದು ಮನಸ್ಸಿನದು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕಿಯಾನ್ ವೆಸ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಡೆ ಹೋಗಿಬರುವವರಿಗೆ ತಮ್ಮ ಮೈಯ ಬಗ್ಗೆ ಕೀಳರಿಮೆ ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಹೆಚ್ಚು ಎಂದು ಕಂಡುಬಂತು. ಮೊದಲೇ ಸಂಕೋಚ ಕಡಿಮೆ ಇದ್ದವರೇ ಅಲ್ಲಿಗೆ ಹೋಗುತ್ತಾರೇನೋ ಎಂಬ ಅನುಮಾನ ನನಗೂ ಬಂದಿತ್ತು. ಆದರೆ ಅವರು ಕಾರ್ಯಕ್ರಮಗಳಿಗೆ ಬಂದವರನ್ನು ಮುಂಚೆಯೂ ಆಮೇಲೆಯೂ ಕೇಳಿ ನೋಡಿದ್ದಾರೆ. ತಳ್ಳಿಹಾಕುವ ಮಾತಲ್ಲ.

ಇನ್ನು ವಿಟಮಿನ್ ಡಿ. ಅಷ್ಟೆಲ್ಲ ಬಿಚ್ಚಬೇಕಿಲ್ಲ. ಬಿಸಿಲು ಹೆಚ್ಚಾದಷ್ಟೂ ವಿಟಮಿನ್ ಹೆಚ್ಚು ಎಂಬುದೂ ಸರಿಯಲ್ಲ. ಸ್ವಲ್ಪ ಹೊತ್ತಿನ ಮೇಲೆ ಚರ್ಮ ಹೆಚ್ಚುವರಿಯನ್ನು ನಿಷ್ಕ್ರಿಯ ವಸ್ತುವಾಗಿ ಮಾರ್ಪಡಿಸಿಬಿಡುತ್ತದೆ, ಅಲ್ಲಿಂದ ಮುಂದಿನದು ಬರೀ ಸುಡುವುದು. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಮುಖ, ಮೊಣಕೈವರೆಗಿನ ತೋಳಿಗೆ ಬಿಸಿಲು ಬಿದ್ದರೆ ಬಿಳಿಯರಿಗೆ ಸಾಕು, ನಮ್ಮ ಬಣ್ಣಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮ್ಯೂನಿಕ್‌ನ ಸೂರ್ಯ ಎಷ್ಟು ತಗ್ಗಿನಲ್ಲಿ ಇರುತ್ತಾನೆಂದರೆ, ಪೂರ್ತಿ ಬಿಚ್ಚಿ ಕೂತರೂ ಸಿಗುವುದು ಶೀತ ಮಾತ್ರ. ಬಿಸಿಲಿನಿಂದ ಸಿಗದಿದ್ದಾಗ ದಿನಕ್ಕೆ 800 ಯೂನಿಟ್ ಬೇಕೆಂದು ಜರ್ಮನಿಯ ಪೌಷ್ಟಿಕತಾ ಸಂಘ ಹೇಳುತ್ತದೆ. ಮಗಳೂ ಅಳಿಯನೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಲಿ. ನೀವು ಪಾರ್ಕಿನಲ್ಲಿ ಸೀರೆಯುಟ್ಟೇ ವಾಕಿಂಗ್ ಮಾಡಿ.

ಪ್ರಶ್ನೆ: ಮೂವತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಈ ಸಲ ಗೆಳೆಯರೊಂದಿಗೆ ಸ್ಪೇನಿನ ಅಲ್ಮೆರಿಯಾ ತೀರದ ವೇರಾ ಎಂಬಲ್ಲಿಗೆ ರಜೆಗೆ ಹೋಗುತ್ತಿದ್ದೇವೆ. ಅಲ್ಲಿ ಬೀಚು, ಈಜುಕೊಳ ಎಲ್ಲ ಬಟ್ಟೆ ಇಲ್ಲದೆಯೇ. ನನಗೆ 61. ಊರಿಗೆ ಬಂದಾಗ ಅಲ್ಲಿನ ಡಾಕ್ಟರು ಬರೆದುಕೊಟ್ಟ ಬಿಪಿ ಮಾತ್ರೆ ನುಂಗುತ್ತೇನೆ. ಎಚ್ಚರಿಕೆ ಏನಾದರೂ ಬೇಕೇ?
– ಲೆಸ್ಟರ್

ಉತ್ತರ: ಮೊದಲು ಆ ಮಾತ್ರೆಯ ಹಾಳೆ ತಿರುವಿ ನೋಡಿ. ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಅದರಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಸೇರಿರುವ ಸಾಧ್ಯತೆ ಹೆಚ್ಚು. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ; ವರ್ಷಗಟ್ಟಲೆ ತೆಗೆದುಕೊಂಡರೆ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆಂದು ಯೂರೋಪಿನ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಸಿದ್ದಾರೆ. ಅದನ್ನು ಓದಿ ಗಾಬರಿಯಿಂದ ಮಾತ್ರೆ ನಿಲ್ಲಿಸಬೇಡಿ. ಹೊರಡುವ ಮುಂಚೆ ನಿಮ್ಮ ವೈದ್ಯರಿಗೆ ತೋರಿಸಿ, ಬದಲಿ ಬೇಕಾದಷ್ಟಿವೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ನುಂಗುವವರಿಗೂ ಇದೇ ಮಾತು.

ಎರಡನೆಯದು ಗಡಿಯಾರ. ‘ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲು ಬೇಡ’ ಎಂಬ ನಮ್ಮ ಲೆಕ್ಕ ಸ್ಪೇನಿನಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಗಡಿಯಾರ ಎರಡು ಹೊಡೆದ ಮೇಲೆ. ಐದು ಗಂಟೆಯವರೆಗೂ ಸುಡುತ್ತದೆ. ನಿಮ್ಮ ನೆರಳು ನಿಮಗಿಂತ ಕುಳ್ಳಗಿರುವ ತನಕ ಒಳಗಿರಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಯೂರೋಪಿನ ಬಾಟಲಿಯಾದರೆ ವೃತ್ತದೊಳಗೆ ‘ಯುವಿಎ’ ಎಂದಿರಬೇಕು. ಬಟ್ಟೆಯಿಲ್ಲದ ಮೈಗೆ ಒಂದು ಸಲಕ್ಕೆ 30ರಿಂದ 35 ಮಿಲಿ ಹಿಡಿಯುತ್ತದೆ. ಎರಡು ಗಂಟೆಗೊಮ್ಮೆ, ನೀರಿಗಿಳಿದು ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಅಂದರೆ 200 ಮಿಲಿ ಬಾಟಲಿ ನಿಮ್ಮಿಬ್ಬರಿಗೆ ಒಂದು ದಿನಕ್ಕೇ ಮುಗಿಯುತ್ತದೆ. ಯಾರೂ ಅಷ್ಟು ಹಚ್ಚುವುದಿಲ್ಲ, ಅದಕ್ಕೇ ಎಲ್ಲರೂ ಸುಟ್ಟುಕೊಳ್ಳುತ್ತಾರೆ. ಗಂಡಸರ ಜನನಾಂಗದ ಚರ್ಮದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಸೋರಿಯಾಸಿಸ್‌ಗೆ ಪುವಾ ಎಂಬ ಬೆಳಕಿನ ಚಿಕಿತ್ಸೆ ಪಡೆದ ಗಂಡಸರಲ್ಲಿ ಆ ಭಾಗದ ಕ್ಯಾನ್ಸರ್ ಹೆಚ್ಚಿದ್ದು 1990ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂತು. ಅಂದಿನಿಂದ ನಾವು ಅದನ್ನು ಮುಚ್ಚಿಯೇ ಬೆಳಕು ಕೊಡುವುದು. ಬಿಸಿಲು ಪುವಾದಷ್ಟು ತೀಕ್ಷ್ಣವಲ್ಲ, ಒಪ್ಪುತ್ತೇನೆ. ಆದರೂ ಮಲಗಿದಾಗ ಟವೆಲ್ಲಿನ ಒಂದು ಅಂಚು ಅಡ್ಡ ಬಿದ್ದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ಅಂಥ ಬೀಚಿನ ಮರಳು, ಕುರ್ಚಿ ಮೇಲೆ ಕೂತರೆ ಗುಪ್ತರೋಗ ಹತ್ತುತ್ತದೆಯೇ?
– ಹುಬ್ಬಳ್ಳಿ

ಉತ್ತರ: ಇಲ್ಲ. ಎಚ್‌ಐವಿ, ಸಿಫಿಲಿಸ್, ಗೊನೊರಿಯಾ ಮರಳಿನಿಂದ ಬರುವುದಿಲ್ಲ. ಕೂರುವ ಮುನ್ನ ಸ್ವಂತ ಟವೆಲ್ ಹಾಸುವುದು ಅಲ್ಲೆಲ್ಲ ಕಡ್ಡಾಯದಂಥ ರೂಢಿ. ತೊಡೆಸಂದಿಯ ಹುಳುಕಡ್ಡಿಯ ಮಟ್ಟಿಗೆ ಹೇಳುವುದಾದರೆ, ಒದ್ದೆ ಚಡ್ಡಿಯಲ್ಲೇ ದಿನವಿಡೀ ಓಡಾಡುವ ನಮ್ಮ ಪ್ರವಾಸಿಗರಿಗೇ ಅಪಾಯ ಹೆಚ್ಚು.

ಪ್ರಶ್ನೆ: ನನಗೆ ಸೊಂಟ, ತೊಡೆಗಳ ಮೇಲೆ ತೊನ್ನು ಇದೆ. ಊರಲ್ಲಿ ಯಾರಿಗೂ ಗೊತ್ತಿಲ್ಲ. ಕ್ರೊಯೇಷಿಯಾದ ಇಂಥ ಒಂದು ಬೀಚಿನಲ್ಲಿ ಮೊದಲ ಸಲ ಯಾರೂ ದಿಟ್ಟಿಸದೆ ಈಜಿದೆ. ಬಿಸಿಲಿನಿಂದ ತೊನ್ನಿಗೂ ಒಳ್ಳೆಯದು ಎಂದು ಕೇಳಿದ್ದೇನೆ.
– ಓದುಗರು, ವಿಯೆನ್ನಾ

ಉತ್ತರ: ಈಜಿದ್ದು ಒಳ್ಳೆಯದಾಯಿತು. ಬಿಸಿಲಿನ ವಿಷಯದಲ್ಲಿ ಮಾತ್ರ ನಿಧಾನ. ತೊನ್ನಿಗೆ ನಾವು ಕೊಡುವ ಬೆಳಕು 311 ನ್ಯಾನೊಮೀಟರಿನದು, ಸೆಕೆಂಡು ಲೆಕ್ಕದ್ದು. ಬೀಚಿನಲ್ಲಿ ಆ ಅಳತೆ ಇರುವುದಿಲ್ಲ. ಬಿಳಿ ಕಲೆಯಲ್ಲಿ ಮೆಲನಿನ್ ಇಲ್ಲದ್ದರಿಂದ ಅದು ಬೇಗ ಸುಡುತ್ತದೆ, ಸುಟ್ಟ ಜಾಗದಲ್ಲಿ ಹೊಸ ಕಲೆ ಮೂಡುವುದೂ ಉಂಟು. ಸುತ್ತಲಿನ ಚರ್ಮ ಕಪ್ಪಾಗಿ ಕಲೆ ಇನ್ನಷ್ಟು ಎದ್ದು ಕಾಣುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಈಜಿ, ಕಲೆಗಳಿಗೆ ಎಸ್‌ಪಿಎಫ್ 50 ಹಚ್ಚಿ. ಬೆಳಕಿನ ಚಿಕಿತ್ಸೆಯನ್ನು ವಿಯೆನ್ನಾದ ಚರ್ಮವೈದ್ಯರ ಬಳಿ ಬೇರೆಯಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಬಿಸಿಲು ಕಾಯಿಸಿ ಬಂದ ಮೇಲೆ ಮೈಮೇಲಿನ ಮಚ್ಚೆಗಳನ್ನು ನೋಡಿಕೊಳ್ಳಬೇಕಂತೆ. ನಮಗೂ ಬೇಕೇ?
– ಮೈಸೂರು

ಉತ್ತರ: ಬೇಕು, ಆದರೆ ನೋಡುವ ಜಾಗ ಬೇರೆ. ಬಿಳಿಯರಿಗೆ ಮೆಲನೋಮಾ ಹೆಚ್ಚಾಗಿ ಬೆನ್ನು, ಕಾಲುಗಳ ಮೇಲೆ ಬರುತ್ತದೆ. ನಮ್ಮಲ್ಲಿ ಅದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ, ಅಲ್ಲಿ ಬಿಸಿಲಿನ ಪಾತ್ರವೂ ಕಡಿಮೆ. ಅಂಗಾಲಲ್ಲಿ ಬೆಳೆಯುತ್ತಿರುವ, ಅಂಚು ವಕ್ರವಾದ ಕಪ್ಪು ಮಚ್ಚೆ, ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ತಿಂಗಳಾದರೂ ಮಾಯದ ಹುಣ್ಣು ಇದ್ದರೆ ‘ಚಪ್ಪಲಿ ಕಚ್ಚಿದ್ದು’ ಎಂದು ಬಿಡದೆ ತೋರಿಸಿ. ಮಧುಮೇಹ ಇದ್ದು ದಿನವೂ ಅಂಗಾಲು ನೋಡಿಕೊಳ್ಳುವವರಾದರೆ ಆಗಲೇ ಇದನ್ನೂ ಗಮನಿಸಿ.